ಜೀವ ತುಂಬಲಾರದ ಕುಂಚ: ಉದ್ಯಾನ, ಚಿತ್ರಕಲೆ ಮತ್ತು ಚಿಂತನೆ

ಪ್ರವಾದಿವರ್ಯರ(ಸ) ಪಿತೃವ್ಯಪುತ್ರರೂ ಕುರ್‌ಆನ್ ವ್ಯಾಖ್ಯಾನದಲ್ಲಿ ಅಗ್ರಗಣ್ಯರೂ ಆದ ಅಬ್ದುಲ್ಲಾ ಇಬ್ನ್ ಅಬ್ಬಾಸ್(ರ) ಅವರ ಬಳಿಗೆ ಒಮ್ಮೆ ಒಬ್ಬ ವ್ಯಕ್ತಿ ಬಂದನು. ತಾನು ಕೈಕೆಲಸದಿಂದ ಬದುಕುವವನೆಂದೂ ಚಿತ್ರಗಳನ್ನು ರಚಿಸುವುದೇ ತನ್ನ ಜೀವನೋಪಾಯವೆಂದೂ ಅರಿಕೆ ಮಾಡಿಕೊಂಡನು. ಇಬ್ನ್ ಅಬ್ಬಾಸರು ಸ್ವಂತ ಅಭಿಪ್ರಾಯವನ್ನು ಹೇಳಲು ಹೋಗಲಿಲ್ಲ. ಪ್ರವಾದಿವರ್ಯರಿಂದ(ಸ) ತಾವು ಕೇಳಿದ್ದನ್ನಷ್ಟೇ ತಿಳಿಸಿದರು. ರೂಪವನ್ನು ರಚಿಸಿದವನು ಅದಕ್ಕೆ ಜೀವ ತುಂಬುವ ತನಕ ಶಿಕ್ಷೆಗೊಳಗಾಗುವನು, ಜೀವ ತುಂಬುವುದಾದರೋ ಅವನಿಂದ ಎಂದೆಂದಿಗೂ ಆಗದು ಎಂಬುದು ಆ ವಚನದ ಸಾರ. ಇದನ್ನು ಕೇಳಿದ ಚಿತ್ರಕಾರನು ನಿಟ್ಟುಸಿರುಬಿಟ್ಟನು. ಅವನ ಮುಖ ಬಿಳಿಚಿಕೊಂಡಿತು. ಅದನ್ನು ಕಂಡ ಇಬ್ನ್ ಅಬ್ಬಾಸರು ಅವನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಚಿತ್ರ ಬರೆಯದೆ ನಿನಗೆ ಬದುಕಿಲ್ಲವೆಂದಾದರೆ ಮರಗಳನ್ನು ಬರೆ, ಆತ್ಮವಿಲ್ಲದ ವಸ್ತುಗಳನ್ನು ಬರೆ ಎಂದು ದಾರಿ ತೋರಿದರು. ಸಹೀಹುಲ್ ಬುಖಾರಿಯಲ್ಲಿ ಈ ಘಟನೆಯು ವ್ಯಾಪಾರದ ಅಧ್ಯಾಯದಲ್ಲಿ ಬರುತ್ತದೆ.

ಚಿತ್ರಕಲೆಯ ಕುರಿತು ಚರ್ಚೆ ಬಂದಾಗಲೆಲ್ಲ ನಾವು ಈ ಹದೀಸಿನ ಮೊದಲ ಭಾಗವನ್ನು ಉದ್ಧರಿಸುತ್ತೇವೆ. ಎರಡನೆಯ ಭಾಗವನ್ನು ಒಂದು ರಿಯಾಯಿತಿಯೆಂಬಂತೆ ಓದಿ ಮುಂದೆ ಸಾಗುತ್ತೇವೆ. ಆದರೆ ಆ ಬಡ ಚಿತ್ರಕಾರನಿಗೆ ತೋರಿದ ಮರವು ಮುಂದಿನ ಸಾವಿರ ವರ್ಷಗಳ ಮುಸ್ಲಿಮ್ ಕಲೆಯಲ್ಲಿ ಎಷ್ಟು ದೂರ ಬೇರು ಬಿಟ್ಟಿತು ಎಂಬುದನ್ನು ಗಮನಿಸಿದರೆ, ಅದು ರಿಯಾಯಿತಿಗಿಂತ ಹೆಚ್ಚಿನದಾಗಿತ್ತು ಎಂಬುದು ತಿಳಿಯುತ್ತದೆ. ಉದ್ಯಾನವನ್ನು ನೋಡಿ ಬರೆದ ಚಿತ್ರವು ಮನುಷ್ಯನನ್ನು ಚಿಂತನೆಯ ಕಡೆಗೆ, ಅಂದರೆ ಕುರ್‌ಆನ್ ಬಯಸುವ ತಫಕ್ಕುರಿನ ಕಡೆಗೆ ಹೇಗೆ ಒಯ್ದಿತು, ಎಲ್ಲಿ ಅದೇ ಉದ್ಯಾನವು ಅಹಂಕಾರಕ್ಕೂ ಆಸ್ಪದವಾಯಿತು ಎಂಬ ಎರಡನ್ನೂ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕರ್ಮಶಾಸ್ತ್ರದ ದೃಷ್ಟಿಯಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳಿತು. ಮರ, ಹೂವು, ನದಿ, ಬೆಟ್ಟಗಳ ಚಿತ್ರಣವು ಅನುಮತಿಸಲ್ಪಟ್ಟದ್ದೆಂಬುದು ಬಹುಸಂಖ್ಯಾತ ವಿದ್ವಾಂಸರ ನಿಲುವು. ಇಬ್ನ್ ಅಬ್ಬಾಸರ ಶಿಷ್ಯರೇ ಆದ ಮುಜಾಹಿದ್ ಮಾತ್ರ ಫಲ ಬಿಡುವ ಮರಗಳ ಚಿತ್ರವನ್ನೂ ಅಪ್ರಿಯವೆಂದು ಕಂಡಿದ್ದರು. ಜೀವಿಗಳ ಚಿತ್ರದ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಹಿಂದೆಯೂ ಇದ್ದವು, ಇಂದೂ ಇವೆ. ಮುಸ್ಲಿಮ್ ಅರಸರ ಆಸ್ಥಾನಗಳಲ್ಲಿ ಮನುಷ್ಯರ ಚಿತ್ರಗಳು ಧಾರಾಳವಾಗಿ ರಚಿಸಲ್ಪಟ್ಟವೆಂಬುದು ಇತಿಹಾಸ. ಅರಸರ ಆಚರಣೆಯು ಧರ್ಮದ ಪ್ರಮಾಣವಲ್ಲ ಎಂಬುದೂ ಅಷ್ಟೇ ಸತ್ಯ. ಅವುಗಳನ್ನು ಇಲ್ಲಿ ಸಮರ್ಥಿಸುವುದೂ ಇಲ್ಲ, ಮುಚ್ಚಿಡುವುದೂ ಇಲ್ಲ.

ದೃಷ್ಟಾಂತವಾಗಿ ಉದ್ಯಾನ

ಪವಿತ್ರ ಕುರ್‌ಆನಿನಲ್ಲಿ ಉದ್ಯಾನವು ಎರಡು ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು, ಪರಲೋಕದಲ್ಲಿ ಸತ್ಯವಿಶ್ವಾಸಿಗಳಿಗೆ ವಾಗ್ದಾನ ಮಾಡಲಾದ ಸ್ವರ್ಗೋದ್ಯಾನ. ಸೂರಃ ಅರ್ರಹ್ಮಾನ್ ಎರಡು ಉದ್ಯಾನಗಳನ್ನೂ, ಅವುಗಳ ಬಳಿಕ ಮತ್ತೆರಡು ಉದ್ಯಾನಗಳನ್ನೂ ವರ್ಣಿಸುತ್ತದೆ. ಸೂರಃ ಮುಹಮ್ಮದ್ ನೀರು, ಹಾಲು, ಪಾನೀಯ ಮತ್ತು ಜೇನಿನ ನದಿಗಳನ್ನು ಹೆಸರಿಸುತ್ತದೆ. ಇನ್ನೊಂದು, ನಮ್ಮ ಕಣ್ಣೆದುರಿನ ಈ ಲೋಕದ ತೋಟ. ಮಳೆ ಬಿದ್ದು ಸತ್ತ ನೆಲ ಹಸಿರಾಗುವುದನ್ನು, ಒಂದೇ ನೀರು ಕುಡಿದ ಗಿಡಗಳು ಬೇರೆ ಬೇರೆ ರುಚಿಯ ಫಲ ಕೊಡುವುದನ್ನು ಕುರ್‌ಆನ್ ಮತ್ತೆ ಮತ್ತೆ ತೋರಿಸುತ್ತದೆ. ಸೂರಃ ಕಾಫ್‌ನಲ್ಲಿ ಭೂಮಿಯ ಮನೋಹರ ಸಸ್ಯಗಳನ್ನು ಅಲ್ಲಾಹನತ್ತ ಮರಳುವ ದಾಸನಿಗೆ ಒಳನೋಟ ಮತ್ತು ಉಪದೇಶವೆಂದು ಕರೆಯಲಾಗಿದೆ. ಸೂರಃ ಅಲ್ ಹದೀದ್‌ನಲ್ಲಿ ಅದೇ ಹಸಿರು ಬೇಸಾಯಗಾರನನ್ನು ಮೆಚ್ಚಿಸಿ, ಬಳಿಕ ಹಳದಿಯಾಗಿ, ಕೊನೆಗೆ ಹೊಟ್ಟಾಗುವ ಚಿತ್ರವಿದೆ.

ಈ ಎರಡು ಉದ್ಯಾನಗಳ ನಡುವೆ ಒಂದು ಗೆರೆ ಇದೆ. ಸ್ವರ್ಗದಲ್ಲಿ ದಾಸರಿಗಾಗಿ ಅಡಗಿಸಿಡಲಾದ ಅನುಗ್ರಹವನ್ನು ಯಾವ ಜೀವವೂ ಅರಿಯದು ಎಂದು ಸೂರಃ ಅಸ್ಸಜದಃ ಸ್ಪಷ್ಟಪಡಿಸುತ್ತದೆ. ಅದನ್ನು ಕಣ್ಣು ಕಂಡಿಲ್ಲ, ಕಿವಿ ಕೇಳಿಲ್ಲ, ಮನಸ್ಸು ಕಲ್ಪಿಸಿಲ್ಲ ಎಂಬರ್ಥದ ಹದೀಸ್ ಇದೆ. ಆದುದರಿಂದ ಸ್ವರ್ಗವನ್ನು ಚಿತ್ರಿಸಲು ಯಾವ ಕುಂಚಕ್ಕೂ ಸಾಧ್ಯವಿಲ್ಲ. ಕಲಾವಿದನಿಗೆ ದಕ್ಕುವುದು ಈ ಲೋಕದ ತೋಟ ಮಾತ್ರ; ಅದು ಬಾಡುವಂಥದ್ದು, ಅವನ ಕೈಯಿಂದ ಮೊಳೆತದ್ದಲ್ಲ. ಹೂವನ್ನು ನೋಡಿ ಬರೆಯಲು ಕುಳಿತವನು ಅದರ ಸೌಂದರ್ಯವನ್ನೂ ತನ್ನ ಅಸಾಮರ್ಥ್ಯವನ್ನೂ ಒಟ್ಟಿಗೇ ಕಲಿಯುತ್ತಾನೆ. ಆ ಬಡ ಚಿತ್ರಕಾರನಿಗೆ ಕೇಳಿಸಿದ ಎಚ್ಚರಿಕೆ, ಅಂದರೆ ಜೀವ ತುಂಬಲು ನಿನ್ನಿಂದಾಗದು ಎಂಬುದು, ಮರವನ್ನು ಬರೆಯುವಾಗಲೂ ಅವನ ಕಿವಿಯಲ್ಲಿ ಉಳಿದಿರಬೇಕು. ಮುಸ್ಲಿಮ್ ಲೋಕದ ಉದ್ಯಾನಚಿತ್ರಗಳಲ್ಲಿ ಉತ್ತಮವಾದವುಗಳಿಗೆ ಚಿಂತನೆಯ ಗುಣ ಬಂದುದು ಇಲ್ಲಿಂದಲೇ ಎಂಬುದು ನನ್ನ ಅನಿಸಿಕೆ.

ಮನುಷ್ಯರಿಲ್ಲದ ಎರಡು ಚಿತ್ರಗಳು

ಈ ಧಾರೆಯ ಆರಂಭದ ಮಹತ್ತ್ವದ ಸಾಕ್ಷಿ ದಮಾಸ್ಕಸ್‌ನ ಉಮವೀ ಜಾಮಿ ಮಸೀದಿ. ಖಲೀಫಾ ವಲೀದ್ ಇಬ್ನ್ ಅಬ್ದುಲ್ ಮಲಿಕ್ (ಆಡಳಿತ 705–715) ಅದನ್ನು ಕಟ್ಟಿಸಿದನು. ಅದರ ಅಂಗಳದ ಗೋಡೆಗಳಲ್ಲಿ ಸಣ್ಣ ಸಣ್ಣ ಗಾಜಿನ ಮತ್ತು ಕಲ್ಲಿನ ತುಣುಕುಗಳನ್ನು ಜೋಡಿಸಿ ಮಾಡಿದ ಚಿತ್ರಗಳಿವೆ. ಚಿನ್ನದ ಹಿನ್ನೆಲೆಯಲ್ಲಿ ಒಂದು ನದಿ ಹರಿಯುತ್ತದೆ. ದಂಡೆಯಲ್ಲಿ ಮನೆಗಳು, ಅರಮನೆಗಳು, ಅವುಗಳನ್ನು ಮೀರಿ ನಿಂತ ಬೃಹತ್ ಮರಗಳು. ಅಲ್ಲಿ ಒಬ್ಬ ಮನುಷ್ಯನಾಗಲಿ, ಒಂದು ಪ್ರಾಣಿಯಾಗಲಿ ಇಲ್ಲ. ಹತ್ತನೆಯ ಶತಮಾನದ ಭೂಗೋಳಶಾಸ್ತ್ರಜ್ಞ ಅಲ್ ಮುಖದ್ದಸಿ ಈ ಗೋಡೆಗಳನ್ನು ಕಂಡು, ಪ್ರಸಿದ್ಧವಾದ ಯಾವ ಮರವೂ ಯಾವ ಪಟ್ಟಣವೂ ಇಲ್ಲಿ ಬಿಟ್ಟುಹೋಗಿಲ್ಲವೆಂಬಂತೆ ವರ್ಣಿಸಿದರು. ಕೆಲವು ಇತಿಹಾಸಕಾರರು ಇದನ್ನು ಸ್ವರ್ಗದ ಸೂಚನೆಯೆಂದು ಓದುತ್ತಾರೆ. ಇನ್ನು ಕೆಲವರು ದಮಾಸ್ಕಸ್‌ನ ಬರದಾ ನದಿಯ ದಂಡೆಯೆಂದು ಗುರುತಿಸುತ್ತಾರೆ.

ಈ ಅಲಂಕಾರವು ಎಲ್ಲರಿಗೂ ಒಪ್ಪಿಗೆಯಾಗಿತ್ತೆಂದು ಭಾವಿಸಬಾರದು. ಕೆಲವೇ ವರ್ಷಗಳ ಬಳಿಕ ಖಲೀಫರಾದ ಉಮರ್ ಇಬ್ನ್ ಅಬ್ದುಲ್ ಅಝೀಝ್(ರ) ಮಸೀದಿಯ ಚಿನ್ನ ಮತ್ತು ಅಮೂಲ್ಯ ಅಲಂಕಾರವನ್ನು ಕಿತ್ತು ಬೈತುಲ್ ಮಾಲ್‌ಗೆ ಸೇರಿಸಲು ಯೋಚಿಸಿದ್ದರೆಂದು ಇತಿಹಾಸಕಾರರು ವರದಿ ಮಾಡಿದ್ದಾರೆ. ಗೋಡೆಯ ಮೇಲಿನ ಮರವು ಅಲ್ಲಾಹನ ದೃಷ್ಟಾಂತವನ್ನು ನೆನಪಿಸುತ್ತದೆಯೇ ಅಥವಾ ಖಲೀಫನ ಸಂಪತ್ತನ್ನೇ ಎಂಬ ಪ್ರಶ್ನೆ ಆ ಕಾಲದಿಂದಲೇ ನಮ್ಮ ಜೊತೆಗಿದೆ.

ಎರಡನೆಯ ಚಿತ್ರಗಳು ಇರಾನಿನವು. ಫಾರ್ಸ್ ಪ್ರಾಂತದ ಬೆಹ್‌ಬಹಾನ್‌ಗೆ ಸೇರಿದ ಲಿಪಿಕಾರನೊಬ್ಬನು 1398ರಲ್ಲಿ ಬರೆದು ಮುಗಿಸಿದ ಫಾರ್ಸಿ ಕಾವ್ಯಸಂಕಲನವೊಂದು ಈಗ ಇಸ್ತಾಂಬುಲ್‌ನ ತುರ್ಕಿ ಮತ್ತು ಇಸ್ಲಾಮೀ ಕಲೆಗಳ ವಸ್ತುಸಂಗ್ರಹಾಲಯದಲ್ಲಿದೆ. ಕಾವ್ಯಗ್ರಂಥಗಳಲ್ಲಿ ಸಾಮಾನ್ಯವಾಗಿ ಕಥೆಯ ನಾಯಕ ನಾಯಕಿಯರ ಚಿತ್ರಗಳಿರುತ್ತವೆ. ಈ ಗ್ರಂಥದಲ್ಲಿ ಹಾಗಿಲ್ಲ. ಬಣ್ಣ ಬಣ್ಣದ ಗುಡ್ಡಗಳು, ಬಳುಕಿ ಹರಿಯುವ ತೊರೆ, ದಡದಲ್ಲಿ ಸಾಲಾಗಿ ನಿಂತ ಮರಗಳು, ಮನುಷ್ಯರ ಸುಳಿವಿಲ್ಲ. ಆ ಕಾಲದ ಇರಾನನ್ನು ನೆನಪಿಸಿಕೊಳ್ಳಿರಿ. ತೈಮೂರನ ಸೇನೆಯು 1387ರಲ್ಲಿ ಇಸ್ಫಹಾನ್‌ನಲ್ಲಿ ಭೀಕರ ನರಮೇಧ ನಡೆಸಿತ್ತು. 1393ರಲ್ಲಿ ಫಾರ್ಸ್‌ನ ಅರಸು ಮನೆತನವೇ ಅಳಿದಿತ್ತು. ಇದಾಗಿ ಐದೇ ವರ್ಷಗಳಲ್ಲಿ ಸಿದ್ಧವಾದ ಗ್ರಂಥದಲ್ಲಿ ಕುದುರೆಯಿಲ್ಲ, ಖಡ್ಗವಿಲ್ಲ. ನೀರು ಮತ್ತು ಮರಗಳಿವೆ. ಅವುಗಳ ಮುಂದೆ ಕುಳಿತ ಓದುಗನಿಗೆ ಹಿಂಬಾಲಿಸಲು ಯಾವ ಕಥೆಯೂ ಸಿಗುವುದಿಲ್ಲ. ಸುಮ್ಮನೆ ನೋಡಬೇಕು, ನೋಡುತ್ತಾ ಚಿಂತಿಸಬೇಕು.

ಬಾಬರನ ತೋಟ ಮತ್ತು ಸೇಬಿನ ಮರ

ಇರಾನ್ ಮತ್ತು ಮಧ್ಯ ಏಷ್ಯಾದ ಈ ಅಭಿರುಚಿಯನ್ನು ಭಾರತಕ್ಕೆ ತಂದವರಲ್ಲಿ ಝಹೀರುದ್ದೀನ್ ಬಾಬರ್ (1483–1530) ಪ್ರಮುಖನು. 1504ರಲ್ಲಿ ಕಾಬೂಲನ್ನು ವಶಪಡಿಸಿಕೊಂಡ ಅವನು ಇಂದಿನ ಜಲಾಲಾಬಾದಿನ ಸಮೀಪ 1508–09ರಲ್ಲಿ ‘ಬಾಗೆ ವಫಾ’ ಎಂಬ ತೋಟವನ್ನು ನಿರ್ಮಿಸಿದನು. ವಫಾ ಎಂದರೆ ನಿಷ್ಠೆ. ಅದು ಚಾರ್ ಬಾಗ್, ಅಂದರೆ ಕಾಲುವೆಗಳಿಂದ ನಾಲ್ಕು ಭಾಗಗಳಾಗಿ ವಿಂಗಡಿಸಿದ ತೋಟ. ಈ ವಿನ್ಯಾಸವನ್ನು ಸ್ವರ್ಗದ ನಾಲ್ಕು ಬಗೆಯ ನದಿಗಳಿಗೆ ಹೋಲಿಸುವುದು ವಾಡಿಕೆ. ಆದರೆ ಕಾಲುವೆಗಳಿಂದ ತೋಟವನ್ನು ಭಾಗ ಮಾಡುವ ಪದ್ಧತಿಯು ಇಸ್ಲಾಮಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ, ಇರಾನಿನ ಪಸರ್ಗಾದೆಯಲ್ಲಿದ್ದ ಸೈರಸ್ ದೊರೆಯ ಉದ್ಯಾನದಲ್ಲೇ ಇತ್ತು. ಒಣನೆಲಕ್ಕೆ ನೀರು ಹಾಯಿಸುವ ರೈತನ ಜಾಣ್ಮೆಗೆ ಮುಸ್ಲಿಮರು ಕುರ್‌ಆನಿನ ಅರ್ಥವನ್ನು ಕೂಡಿಸಿಕೊಂಡರು.

ಬಾಬರ್ ತನ್ನ ಆತ್ಮಕಥೆಯನ್ನು ಚಗತಾಯಿ ತುರ್ಕಿಯಲ್ಲಿ ಬರೆದನು. ಅಬ್ದುರ್ರಹೀಮ್ ಖಾನೆ ಖಾನಾನ್ ಅದನ್ನು ಫಾರ್ಸಿಗೆ ಅನುವಾದಿಸಿ 1589ರಲ್ಲಿ ಅಕ್ಬರನಿಗೆ ಅರ್ಪಿಸಿದನು. ಅದರ ಸಚಿತ್ರ ಪ್ರತಿಗಾಗಿ ಸುಮಾರು 1590ರಲ್ಲಿ ಬಿಶನ್‌ದಾಸ್ ಮತ್ತು ನನ್ಹಾ ಎಂಬ ಕಲಾವಿದರು ಬಾಗೆ ವಫಾದ ಚಿತ್ರವನ್ನು ರಚಿಸಿದರು. ಅದೀಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ತೋಟವು ಸಿದ್ಧವಾಗಿ ಎಂಬತ್ತು ವರ್ಷಗಳಾಗಿದ್ದರೂ ಕಲಾವಿದರು ಅದನ್ನು ಮುಗಿದ ವೈಭವವಾಗಿ ತೋರಿಸಲಿಲ್ಲ. ಇಬ್ಬರು ಕೆಲಸಗಾರರು ಅಳತೆಯ ಹಗ್ಗ ಹಿಡಿದಿದ್ದಾರೆ. ಒಬ್ಬನು ಗುದ್ದಲಿ ಹಿಡಿದಿದ್ದಾನೆ. ಕಾಲುವೆಗಳು ನೇರವಾಗಿ ಸಂಧಿಸುತ್ತವೆ, ದಾಳಿಂಬೆ ಮತ್ತು ಕಿತ್ತಳೆ ಗಿಡಗಳು ಕಾಯಿ ಬಿಟ್ಟಿವೆ. ಬಾಗಿಲ ಹೊರಗೆ ರಾಯಭಾರಿಗಳು ಕಾದು ನಿಂತಿದ್ದಾರೆ. ಬಾದಶಾಹನ ಗಮನವಾದರೋ ಹಗ್ಗದ ಅಳತೆಯ ಮೇಲಿದೆ. ಆಕಾಶವನ್ನು ಎತ್ತರಿಸಿ ಮೀಝಾನ್ ಎಂಬ ತಕ್ಕಡಿಯನ್ನು ಸ್ಥಾಪಿಸಿದ ವಿಷಯವನ್ನು ಸೂರಃ ಅರ್ರಹ್ಮಾನ್ ತನ್ನ ಆರಂಭದಲ್ಲೇ ಹೇಳಿ, ಬಳಿಕ ಭೂಮಿಯ ಫಲಗಳತ್ತ ಬರುತ್ತದೆ. ಸಮತೋಲನ ಮೊದಲು, ಫಲ ಅನಂತರ. ಕುರ್‌ಆನ್ ಓದುವ ಕಣ್ಣಿಗೆ ಈ ಚಿತ್ರದಲ್ಲೂ ಅದೇ ಅನುಕ್ರಮ ಕಾಣುತ್ತದೆ.

ಬಾಬರನ ಗ್ರಂಥದಲ್ಲಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಎರಡು ಪ್ರಸ್ತಾಪಗಳಿವೆ. ಕಾಬೂಲಿನ ಬೆಟ್ಟದ ತಪ್ಪಲಿನಲ್ಲಿ ಅರಳುವ ಟುಲಿಪ್ ಹೂಗಳನ್ನು ಅವನು ಒಮ್ಮೆ ಎಣಿಸಿ ನೋಡಿದನು. 32 ಅಥವಾ 33 ಬಗೆಗಳು ದೊರೆತವು. ಇನ್ನೊಮ್ಮೆ ಶರತ್ಕಾಲದಲ್ಲಿ ತೋಟವೊಂದರಲ್ಲಿ ನಡೆಯುತ್ತಿದ್ದಾಗ ಬಣ್ಣ ತಿರುಗಿದ ಎಳೆಯ ಸೇಬಿನ ಮರವನ್ನು ಕಂಡನು. ಪ್ರತಿಯೊಂದು ಕೊಂಬೆಯಲ್ಲಿ ಐದಾರು ಎಲೆಗಳು ಮಾತ್ರ ಕ್ರಮವಾಗಿ ಉಳಿದಿದ್ದವು. ಚಿತ್ರಕಾರರು ಎಷ್ಟೇ ಪ್ರಯತ್ನಿಸಿದರೂ ಅದಕ್ಕೆ ಸಮನಾದುದನ್ನು ಬರೆಯಲಾರರು ಎಂದು ಅವನು ದಾಖಲಿಸಿದ್ದಾನೆ. ಯುದ್ಧಗಳಲ್ಲಿ ಬದುಕು ಸವೆಸಿದ, ಮದ್ಯಪಾನದ ಪ್ರಮಾದವನ್ನು ತನ್ನ ಬರಹದಲ್ಲೇ ತೋಡಿಕೊಂಡ ಅರಸನ ಲೇಖನಿಯಿಂದ ಬಂದ ಮಾತಿದು. ಎಲೆಗಳು ಉದುರಿ ಬರಿದಾಗುತ್ತಿದ್ದ ಮರದ ಮುಂದೆ ಅವನಿಗೆ ಮನುಷ್ಯನ ಕಲೆಯ ಮಿತಿ ಹೊಳೆಯಿತು. ಅನುಗ್ರಹವು ಕಣ್ಣಿಗೆ ಬೀಳಲು ವಸಂತವೇ ಬರಬೇಕೆಂದಿಲ್ಲ.

ಮನ್ಸೂರರ ನೂರು ಹೂಗಳು

ಬಾಬರನ ಮರಿಮಗ ಜಹಾಂಗೀರನ (ಆಡಳಿತ 1605–1627) ಕಾಲದಲ್ಲಿ ಉದ್ಯಾನ ಮತ್ತು ಚಿತ್ರಕಲೆ ಅತ್ಯಂತ ನಿಕಟವಾದವು. ಅವನ ಆಸ್ಥಾನದಲ್ಲಿ ಉಸ್ತಾದ್ ಮನ್ಸೂರ್ ಎಂಬ ಚಿತ್ರಕಾರರಿದ್ದರು. ‘ನಾದಿರುಲ್ ಅಸ್ರ್’, ಅಂದರೆ ಯುಗದ ಅಪೂರ್ವ ವ್ಯಕ್ತಿ ಎಂಬ ಬಿರುದು ಅವರಿಗಿತ್ತು. 1620ರ ವಸಂತದಲ್ಲಿ ಜಹಾಂಗೀರ್ ಕಾಶ್ಮೀರಕ್ಕೆ ಹೋದಾಗ ಮನ್ಸೂರರೂ ಕಣಿವೆಯ ಹೂಗಳನ್ನು ಬರೆದರು. ಆ ಪ್ರದೇಶದ ಹೂಗಳು ಲೆಕ್ಕಕ್ಕೆ ಸಿಗವೆಂದೂ ಮನ್ಸೂರರು ಬರೆದವುಗಳೇ ನೂರನ್ನು ಮೀರಿದವೆಂದೂ ಜಹಾಂಗೀರನ ಆತ್ಮಕಥೆಯಲ್ಲಿದೆ. ಕಾಶ್ಮೀರಿಗಳು ಮರದ ಛಾವಣಿಯ ಮೇಲೆ ಮಣ್ಣು ಹರಡಿ ಟುಲಿಪ್ ಗೆಡ್ಡೆಗಳನ್ನು ನೆಡುತ್ತಿದ್ದರೆಂದೂ ವಸಂತದಲ್ಲಿ ಮನೆಗಳ ಮೇಲೆಯೇ ಹೂದೋಟ ಅರಳುತ್ತಿತ್ತೆಂದೂ ಅದೇ ಗ್ರಂಥ ತಿಳಿಸುತ್ತದೆ.

ಆ ನೂರು ಚಿತ್ರಗಳಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಪ್ರಸಿದ್ಧವಾದ ಕೆಂಪು ಟುಲಿಪ್ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದ ಮೌಲಾನಾ ಆಝಾದ್ ಗ್ರಂಥಾಲಯದಲ್ಲಿದೆ. ಆಸ್ಥಾನ ಚಿತ್ರಗಳಲ್ಲಿರುವ ಸಿಂಹಾಸನ, ಛತ್ರ, ಪರಿವಾರಗಳು ಇಲ್ಲಿಲ್ಲ. ಒಂದು ಗಿಡ ಮಾತ್ರ. ಎಲೆಯ ಅಂಚು ಎಲ್ಲಿ ಮಡಚಿದೆ, ದಳದ ಕೆಂಪು ಎಲ್ಲಿ ಗಾಢವಾಗಿದೆ ಎಂಬುದನ್ನು ದಿನಗಟ್ಟಲೆ ನೋಡಿದ ಕಣ್ಣಿಗೆ ಮಾತ್ರ ಇದು ಸಾಧ್ಯ. ಯುರೋಪಿನಿಂದ ಬಂದ ಸಸ್ಯಗ್ರಂಥಗಳ ಮುದ್ರಿತ ಚಿತ್ರಗಳನ್ನು ಮುಘಲ್ ಕಲಾವಿದರು ಬಲ್ಲವರಾಗಿದ್ದರು. ಗಿಡವನ್ನು ಒಂಟಿಯಾಗಿ ನಿಲ್ಲಿಸಿ ತೋರುವ ಕ್ರಮದಲ್ಲಿ ಅವುಗಳ ಪ್ರಭಾವವಿದೆ. ಜ್ಞಾನವು ಎಲ್ಲಿಂದ ಬಂದರೂ ಸ್ವೀಕರಿಸುವ ಔದಾರ್ಯವೂ ಆ ಕಾಲದ ಗುಣವಾಗಿತ್ತು.

ಫಾರ್ಸಿಯಲ್ಲಿ ಟುಲಿಪ್‌ಗೆ ‘ಲಾಲಃ’ ಎಂಬ ಹೆಸರು. ಆ ಪದದ ಅಕ್ಷರಗಳೂ ‘ಅಲ್ಲಾಹ್’ ಎಂಬ ಪವಿತ್ರ ನಾಮದ ಅಕ್ಷರಗಳೂ ಒಂದೇ. ಅಬ್ಜದ್ ಗಣನೆಯಲ್ಲಿ ಎರಡರ ಮೊತ್ತವೂ 66. ಇದು ಧರ್ಮದ ವಿಧಿಯಲ್ಲ, ಭಾಷೆಯ ಸೊಗಸು. ಆದರೆ ಫಾರ್ಸಿ ಮತ್ತು ತುರ್ಕಿ ಓದುಗರು ಈ ಹೊಂದಿಕೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬೆಟ್ಟದ ಕೆಂಪು ಹೂವನ್ನು ಕಂಡಾಗ ಸೃಷ್ಟಿಯಿಂದ ಸೃಷ್ಟಿಕರ್ತನತ್ತ ಹೊರಳಲು ಅವರಿಗೆ ಅಕ್ಷರಗಳೇ ಸಾಕಾಗುತ್ತಿದ್ದವು.

ಜಹಾಂಗೀರ್ ಸೂಫಿಯಾಗಿರಲಿಲ್ಲ. ಮದ್ಯ ಮತ್ತು ಅಫೀಮಿನ ಚಟ ಅವನಿಗಿತ್ತೆಂಬುದಕ್ಕೆ ಅವನ ಬರಹವೇ ಸಾಕ್ಷಿ. ಶ್ರೀನಗರದ ಶಾಲಿಮಾರ್ ಬಾಗ್, ವೇರಿನಾಗ್‌ನ ಎಂಟು ಮೂಲೆಯ ಕೊಳ ಮೊದಲಾದವುಗಳಲ್ಲಿ ಅರಸನ ವೈಭವಾಪೇಕ್ಷೆಯೂ ಬೆರೆತಿತ್ತು. 1627ರಲ್ಲಿ ಕಾಶ್ಮೀರದಿಂದ ಮರಳುವ ದಾರಿಯಲ್ಲಿ ಅವನು ತೀರಿಕೊಂಡನು. ಕಟ್ಟಿಸಿದ ತೋಟ ಹಿಂದೆ ಉಳಿಯಿತು. ಬಾಡುವ ಹೂಗಳನ್ನು ಕಾಗದದಲ್ಲಿ ಉಳಿಸಹೊರಟ ನೂರು ಚಿತ್ರಗಳಲ್ಲೂ ಹೆಚ್ಚಿನವು ಹೂಗಳಂತೆಯೇ ಮರೆಯಾದವು. ಆದರೂ ಕಾಶ್ಮೀರದ ಬೆಟ್ಟಗಳಲ್ಲಿ ಟುಲಿಪ್‌ಗಳು ಪ್ರತಿ ವರ್ಷ ಅರಳುತ್ತಲೇ ಇವೆ. ಭೂಮಿಯ ಮೇಲಿರುವುದೆಲ್ಲ ನಶ್ವರ, ಉಳಿಯುವವನು ಅಲ್ಲಾಹನೊಬ್ಬನೇ ಎಂಬ ಸೂರಃ ಅರ್ರಹ್ಮಾನಿನ ಆಶಯಕ್ಕೆ ಇದಕ್ಕಿಂತ ಬೇರೆ ಟಿಪ್ಪಣಿ ಬೇಕೇ?

ಒಂದು ಮುರಕ್ಕಾದ ಕಥೆ

ಮನ್ಸೂರರ ಬಳಿಕ ಹೂವು ಮುಘಲ್ ಕಲೆಯ ಎಲ್ಲೆಡೆ ಹರಡಿತು. ಶಾಹಜಹಾನನ ಕಾಲದಲ್ಲಿ ಗ್ರಂಥಗಳ ಹಾಶಿಯಾ, ಅಂದರೆ ಪುಟದ ಅಂಚುಗಳು, ಹೂಗಿಡಗಳಿಂದ ತುಂಬಿದವು. ತಾಜ್‌ಮಹಲಿನ ಗೋಡೆಗಳ ಕೆಳಭಾಗದಲ್ಲಿ ಅಮೃತಶಿಲೆಯನ್ನು ಕೆತ್ತಿ ಮೂಡಿಸಿದ ಹೂಗಿಡಗಳು ಸಾಲಾಗಿ ನಿಂತಿವೆ. ಅದರ ಮಹಾದ್ವಾರದಲ್ಲಿ ಅಮಾನತ್ ಖಾನ್ ಬರೆದ ಸೂರಃ ಅಲ್ ಫಜ್ರ್ ಇದೆ. ಶಾಂತವಾದ ಆತ್ಮವನ್ನು ತನ್ನ ಪ್ರಭುವಿನೆಡೆಗೂ ಅವನ ಸ್ವರ್ಗಕ್ಕೂ ಕರೆಯುವ ಕೊನೆಯ ಸೂಕ್ತಗಳನ್ನು ಓದಿ ಮುಗಿಸಿದವನ ಕಣ್ಣಿಗೆ ಎದುರಿನ ಉದ್ಯಾನ ಬೀಳುತ್ತದೆ.

ಅದೇ ಮನೆತನದ ರಾಜಕುಮಾರ ದಾರಾ ಶಿಕೋಹ್ ತನ್ನ ಪತ್ನಿ ನಾದಿರಾ ಬಾನು ಬೇಗಮ್‌ಗೆ 1640ರ ದಶಕದಲ್ಲಿ ಒಂದು ಮುರಕ್ಕಾವನ್ನು ಉಡುಗೊರೆಯಾಗಿ ಕೊಟ್ಟನು. ಚಿತ್ರ ಮತ್ತು ಲಿಪಿಕಲೆಯ ಹಾಳೆಗಳನ್ನು ಒಟ್ಟುಗೂಡಿಸಿದ ಸಂಪುಟಕ್ಕೆ ಮುರಕ್ಕಾ ಎಂದು ಹೆಸರು. ತೇಪೆ ಹಾಕಿದ್ದು ಎಂಬುದು ಆ ಪದದ ಮೂಲಾರ್ಥ. ಸೂಫಿಗಳ ತೇಪೆಯ ಅಂಗಿಗೂ ಇದೇ ಪದದಿಂದ ಹೆಸರು ಬಂದಿದೆ. ಧ್ಯಾನವೆಂಬ ಅರ್ಥದ ‘ಮುರಾಕಬಾ’ ಎಂಬ ಪದದೊಂದಿಗೆ ಇದನ್ನು ಬೆರೆಸಬಾರದು. ಕನ್ನಡ ಕಿವಿಗೆ ಎರಡೂ ಹತ್ತಿರವೆನಿಸಿದರೂ ಅರಬಿಯಲ್ಲಿ ಅವುಗಳ ಧಾತುಗಳು ಬೇರೆ. ಬ್ರಿಟಿಷ್ ಲೈಬ್ರರಿಯಲ್ಲಿರುವ ಈ ಸಂಪುಟದಲ್ಲಿ ಮನುಷ್ಯರ ಚಿತ್ರಗಳ ಜೊತೆಗೆ ಹೂಗಳ ಮತ್ತು ಹಕ್ಕಿಗಳ ಚಿತ್ರಗಳು ಅನೇಕ. ಸಂಪುಟ ತೆರೆದಾಗ ಹೂವಿಗೆ ಹೂವು ಎದುರಾಗುವಂತೆ ಪುಟಗಳನ್ನು ಜೋಡಿಸಲಾಗಿದೆ.

ದಾರಾ ಕಾದಿರೀ ತರೀಕತ್ತಿಗೆ ಸೇರಿದವನು. ಲಾಹೋರಿನ ಮಿಯಾನ್ ಮೀರ್ ಮತ್ತು ಕಾಶ್ಮೀರದಲ್ಲಿದ್ದ ಮುಲ್ಲಾ ಶಾಹ್ ಬದಖ್ಶೀ ಅವರಲ್ಲಿ ಶ್ರದ್ಧೆಯುಳ್ಳವನು. ಅವನ ವಿಚಾರಗಳನ್ನು ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. ಸಿಂಹಾಸನಕ್ಕಾಗಿ ನಡೆದ ಯುದ್ಧದಲ್ಲಿ ಸೋತು 1659ರಲ್ಲಿ ಅವನು ಕೊಲ್ಲಲ್ಪಟ್ಟನು. ನಾದಿರಾ ಬಾನು ಅದೇ ವರ್ಷ ಪಲಾಯನದ ಹಾದಿಯಲ್ಲಿ ಮರಣ ಹೊಂದಿದಳು. ಅವಳ ಸಮಾಧಿ ಲಾಹೋರಿನಲ್ಲಿ ಮಿಯಾನ್ ಮೀರರ ದರ್ಗಾದ ಸಮೀಪವಿದೆ. ಉಡುಗೊರೆಯ ಸಂಪುಟದಲ್ಲಿ ದಾರಾ ಬರೆದ ಅರ್ಪಣೆಯ ಮೇಲೆ ಯಾರೋ ಚಿನ್ನದ ಬಣ್ಣ ಬಳಿದು ಅವನ ಹೆಸರನ್ನು ಮುಚ್ಚಿದರು. ಹೂಗಳನ್ನು ಮುಚ್ಚಲು ಯಾರೂ ಮುಂದಾಗಲಿಲ್ಲ. ಅರಸರ ಹೆಸರಿಗೆ ಶತ್ರುಗಳಿರುತ್ತಾರೆ, ಹೂವಿಗೆ ಇರುವುದಿಲ್ಲ.

ನಮ್ಮ ನೆಲದ ಗೋಡೆಗಳಲ್ಲಿ

ಈ ಧಾರೆಯು ದಿಲ್ಲಿ ಕಾಶ್ಮೀರಗಳಿಗೆ ಸೀಮಿತವಾಗಿರಲಿಲ್ಲ. ಮುಘಲರಿಗಿಂತ ನೂರು ವರ್ಷ ಮೊದಲೇ ಇರಾನಿನ ಕಲೆ ಸಮುದ್ರಮಾರ್ಗವಾಗಿ ದಕ್ಖನಿಗೆ ಬಂದಿತ್ತು. ಬಹಮನೀ ಸುಲ್ತಾನ ಅಹ್ಮದ್ ಶಾಹ್ ವಲೀ ಅವರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಸ್ಥಳಾಂತರಿಸಿದವರು. ಇರಾನಿನ ಮಾಹಾನ್‌ನಲ್ಲಿದ್ದ ಶಾಹ್ ನಿಅ್‌ಮತುಲ್ಲಾ ವಲೀ ಅವರ ಅನುಯಾಯಿ. 1436ರಲ್ಲಿ ನಿಧನರಾದ ಅವರ ಸಮಾಧಿ ಬೀದರಿನ ಸಮೀಪದ ಅಷ್ಟೂರಿನಲ್ಲಿದೆ. ಹೊರಗಿನಿಂದ ಅದು ಸರಳ, ದೃಢ. ಒಳಗೆ ಕಾಲಿಟ್ಟು ತಲೆಯೆತ್ತಿದರೆ ಗುಮ್ಮಟದ ಒಳಮೈಯೆಲ್ಲ ಚಿನ್ನ, ಕುಂಕುಮ ವರ್ಣ ಮತ್ತು ನೀಲಿಯ ಬಳ್ಳಿಗಳು, ಹೂಗಳು, ಅವುಗಳ ನಡುವೆ ಲಿಪಿಗಳು. ಬೆಳಕು ಕಡಿಮೆ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಒಂದೊಂದೇ ಬಳ್ಳಿ ತೋರುತ್ತದೆ. ಅವಸರದಲ್ಲಿ ಬಂದು ಹೋಗುವವನಿಗೆ ಅಲ್ಲಿ ಏನೂ ಕಾಣಿಸದು. ಅಹ್ಮದ್ ಶಾಹ್ ವಲೀ ಅವರ ಉರೂಸಿನಲ್ಲಿ ಮುಸ್ಲಿಮರೊಂದಿಗೆ ಲಿಂಗಾಯತ ಬಾಂಧವರೂ ಭಾಗವಹಿಸುತ್ತಾ ಬಂದಿರುವುದು ಈ ನಾಡಿನ ಸೌಹಾರ್ದದ ಹಳೆಯ ಸಾಕ್ಷಿ.

ವಿಜಯಪುರದಲ್ಲಿ ಆದಿಲ್‌ಶಾಹಿಗಳ ಕಾಲದ ಅಸಾರ್ ಮಹಲಿನ ಮೇಲಂತಸ್ತಿನಲ್ಲೂ ಹೂದಾನಿಗಳ ಮತ್ತು ಎಲೆಬಳ್ಳಿಗಳ ಭಿತ್ತಿಚಿತ್ರಗಳಿವೆ. ಪ್ರವಾದಿವರ್ಯರ(ಸ) ಪವಿತ್ರ ಕೇಶವೆಂದು ನಂಬಲಾದ ಸ್ಮಾರಕವನ್ನು ಇಟ್ಟ ಆ ಕಟ್ಟಡದಲ್ಲಿ ಹೂವಿನ ಚಿತ್ರವೇ ಗೌರವದ ಭಾಷೆಯಾಗಿದೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ಇನ್ನೊಂದು ಪಾಠವನ್ನು ಕಲಿಸುತ್ತದೆ. ಟಿಪ್ಪು ಸುಲ್ತಾನ್ 1784ರಲ್ಲಿ ಕಾವೇರಿಯ ದಂಡೆಯ ಉದ್ಯಾನದ ನಡುವೆ ಕಟ್ಟಿಸಿದ ಬೇಸಿಗೆ ಅರಮನೆಯಿದು. ಅದರ ಪಶ್ಚಿಮದ ಹೊರಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಒಳಗಿನ ಗೋಡೆ, ಕಂಬ, ಛಾವಣಿಗಳ ತುಂಬ ಹೂಬಳ್ಳಿಗಳಿವೆ. ಬಂದವರಲ್ಲಿ ಹೆಚ್ಚಿನವರು ಯುದ್ಧದ ಚಿತ್ರದ ಮುಂದೆ ನಿಂತು ಯಾರು ಗೆದ್ದರು, ಯಾರು ಸೋತರು ಎಂದು ಮಾತನಾಡಿಕೊಳ್ಳುತ್ತಾರೆ. ಒಳಗಿನ ಹೂಗಳ ಮುಂದೆ ನಿಲ್ಲುವವರು ಕಡಿಮೆ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಹೊರಗೋಡೆಯನ್ನಷ್ಟೇ ಓದಿದ್ದಾರೆ ಎಂದು ನನಗೆ ಅನೇಕ ಸಲ ಅನಿಸಿದೆ. ನಮ್ಮ ಇತಿಹಾಸವನ್ನು ನಾವೇ ಯುದ್ಧಗಳ ಪಟ್ಟಿಯಾಗಿ ಓದಿದರೆ, ಅನ್ಯರು ಹಾಗೆ ಓದುತ್ತಾರೆಂದು ದೂರುವುದು ಹೇಗೆ?

ನೋಡುವುದನ್ನು ಕಲಿಯೋಣ

ಚಿತ್ರಕಲೆಯ ವಿಷಯದಲ್ಲಿ ನಮ್ಮ ಸಮುದಾಯವು ಇಂದು ಎರಡು ಸುಲಭದ ಮಾತುಗಳ ನಡುವೆ ನಿಂತಿದೆ. ಚಿತ್ರವೆಂದರೆ ನಿಷಿದ್ಧ, ಅದರ ಮಾತೇ ಬೇಡ ಎಂಬುದು ಒಂದು. ತಾಜ್‌ಮಹಲನ್ನೂ ಮುಘಲ್ ಚಿತ್ರಗಳನ್ನೂ ತೋರಿಸಿ, ನೋಡಿರಿ ನಮ್ಮವರ ವೈಭವ ಎಂದು ಬೀಗುವುದು ಇನ್ನೊಂದು. ಎರಡರಲ್ಲೂ ನೋಡುವ ಕೆಲಸವೇ ನಡೆಯುವುದಿಲ್ಲ. ಮೊದಲನೆಯದು ಇಬ್ನ್ ಅಬ್ಬಾಸರು(ರ) ತೆರೆದ ಬಾಗಿಲನ್ನು ಮುಚ್ಚುತ್ತದೆ. ಎರಡನೆಯದು ಸೂರಃ ಅಲ್ ಕಹ್ಫ್‌ನ ತೋಟದ ಯಜಮಾನನ ದಾರಿ. ದ್ರಾಕ್ಷಿಯ ಎರಡು ತೋಟಗಳು, ಸುತ್ತ ಖರ್ಜೂರದ ಮರಗಳು, ನಡುವೆ ಹರಿಯುವ ಕಾಲುವೆ, ಎಲ್ಲವೂ ಅವನಿಗಿತ್ತು. ಇದು ಎಂದಾದರೂ ನಾಶವಾದೀತೆಂದು ತನಗೆ ತೋರುವುದಿಲ್ಲ ಎಂದು ಅವನು ಹೇಳಿಕೊಂಡನು. ತೋಟವನ್ನು ಪ್ರವೇಶಿಸಿದಾಗ ಮಾಶಾ ಅಲ್ಲಾಹ್ ಎಂದು ಏಕೆ ಹೇಳಲಿಲ್ಲವೆಂದು ಅವನ ಬಡ ಸಂಗಾತಿ ಕೇಳಿದನು. ಕೊನೆಗೆ ತೋಟ ನೆಲಸಮವಾಯಿತು, ಅವನು ಖರ್ಚು ಮಾಡಿದ್ದಕ್ಕಾಗಿ ಕೈಹಿಸುಕಿಕೊಂಡನು. ಅವ‌ನ ತೋಟದಲ್ಲಿ ಕೊರತೆಯೇನೂ ಇರಲಿಲ್ಲ, ಅವನ ನೋಟದಲ್ಲಿತ್ತು.

ಹಾಗಾದರೆ ನಾವು ಮಾಡಬಹುದಾದುದೇನು? ದೊಡ್ಡ ಯೋಜನೆಯ ಅಗತ್ಯವಿಲ್ಲ. ಮದರಸಾದ ಮಕ್ಕಳು ನೋಟ್ ಪುಸ್ತಕದ ಅಂಚಿನಲ್ಲಿ ಹೂವು ಬರೆದಾಗ ನಾವು ಗದರಿಸುವುದುಂಟು. ಪಾಠದ ವೇಳೆಗೆ ಅದು ಸರಿಯೇ. ಆದರೆ ವಾರಕ್ಕೊಮ್ಮೆ ಅವರನ್ನು ಅಂಗಳಕ್ಕೆ ಕರೆದೊಯ್ದು, ದಾಸವಾಳದ ಒಂದು ಹೂವನ್ನೋ ಹಲಸಿನ ಒಂದು ಎಲೆಯನ್ನೋ ಕೈಗೆ ಕೊಟ್ಟು, ಕಂಡದ್ದನ್ನು ಕಂಡಂತೆ ಬರೆಯಲು ಹೇಳಬಹುದು. ಇದಕ್ಕೆ ಅನುಮತಿ ಹುಡುಕುತ್ತಾ ಎಲ್ಲಿಗೂ ಹೋಗಬೇಕಾಗಿಲ್ಲ; ಬುಖಾರಿಯ ಹದೀಸ್ ನಮ್ಮ ಮುಂದಿದೆ. ಮಗು ಎಲೆಯ ನಡುನರವನ್ನು ಎಳೆಯುತ್ತದೆ, ಅದರಿಂದ ಕವಲೊಡೆಯುವ ನರಗಳನ್ನು ಎಳೆಯುತ್ತದೆ, ಅವುಗಳ ನಡುವಿನ ಜಾಲ ಕಂಡಾಗ ಪೆನ್ಸಿಲ್ ನಿಲ್ಲುತ್ತದೆ. ಇಷ್ಟು ಸಣ್ಣದನ್ನು ಬರೆಯುವುದು ಹೇಗೆ ಎಂದು ಕೇಳುತ್ತದೆ. ಸೃಷ್ಟಿಯನ್ನು ಕುರಿತು ಚಿಂತಿಸುವವರ ಬಗ್ಗೆ ಸೂರಃ ಆಲಿ ಇಮ್ರಾನ್‌ನ ಕೊನೆಯ ಭಾಗದಲ್ಲಿರುವ ಸೂಕ್ತಗಳನ್ನು ಆ ಮಗುವಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ಸಮಯ ದೊರೆಯದು. ಬರೆಯಲಾಗದೆ ಉಳಿದ ಆ ಜಾಲವನ್ನು ತೋರಿಸಿಯೇ ‘ಸುಬ್‌ಹಾನಲ್ಲಾಹ್’ ಎಂಬ ಪದದ ಅರ್ಥವನ್ನು ಹೇಳಿಕೊಡಬಹುದು.

ಅಲ್ಲಾಹನು ನಮಗೆ ತನ್ನ ದೃಷ್ಟಾಂತಗಳನ್ನು ಕಾಣುವ ಕಣ್ಣನ್ನೂ, ಕಂಡದ್ದರಿಂದ ವಿನಯವನ್ನು ಕಲಿಯುವ ಹೃದಯವನ್ನೂ ದಯಪಾಲಿಸಲಿ. ಆಮೀನ್.